ದಾನಾ ಆಡಿದ ಕನ್ನಡ

ಕುವೈತಿನ ಖೈತಾನಿನಲ್ಲಿ ನಾನೀಗ ಅಡುಗೆ ಮಾಡುವ ಮೆಸ್ಸಿನಲ್ಲಿ ಗುರುವಾರ ಅಂದರೆ ಗೋಬಿ ಮಂಚೂರಿ. ಊರ ಕಡೆಯ ಹುಡುಗರು ಆಫೀಸು, ಅಂಗಡಿ ಮುಗಿಸಿ ಅದಕ್ಕೆಂದೇ ಬರುತ್ತಾರೆ. ಹೋದ ತಿಂಗಳು ಮೆಸ್ಸಿನ ಯಜಮಾನರು ಎಲ್ಲಿಂದಲೋ ಒಂದು ಬಾಟಲಿ ಕಪ್ಪು ವಿನೆಗರ್ ತಂದರು. ಅವರು ಉಳ್ಳಾಲದ ಬ್ಯಾರಿಗಳು, ಹೊಸದೇನು ಕಂಡರೂ ತಂದು ಪಾತ್ರೆಗೆ ಹಾಕಿಸಿ ನೋಡುವ ಸ್ವಭಾವ. "ಪದ್ದಕ್ಕಾ, ಇದು ಚೀನಾದ ಅಸಲಿ ಮಾಲು. ಎರಡು ಚಮಚ ಬಿಟ್ಟು ನೋಡಿ" ಅಂದರು. ಬಾಣಲೆಯಲ್ಲಿ ಶುಂಠಿ, ಸಕ್ಕರೆ ಕಾಯುತ್ತಿತ್ತು. ವಿನೆಗರ್ ಬಿದ್ದದ್ದೇ ತಡ, ಆ ಹುಳಿ ಸಿಹಿ ಹಬೆ ಮುಖಕ್ಕೆ ಹೊಡೆಯಿತು. ನಾನು ಒಲೆ ಆರಿಸಿ ಹಿಂದಿನ ಮೆಟ್ಟಿಲಿಗೆ ಹೋಗಿ ಕೂತೆ.

"ಎಂತಾಯ್ತು?" ಯಜಮಾನರು ಬಾಗಿಲಿಗೆ ಬಂದು ಕೇಳಿದರು.

"ಕಣ್ಣಿಗೆ ಹೊಗೆ ಹೋಯ್ತು."

ಹೊಗೆಯಲ್ಲ. ಅದು ಚೀನಾದ ಹಾಂಗ್‌ಝೌ ಎಂಬ ಊರಿನ ಮೀನಿನ ವಾಸನೆ. ದೊಡ್ಡದೊಂದು ಸರೋವರದ ದಂಡೆಯಲ್ಲಿರುವ ಆ ಊರಿನಲ್ಲಿ ನಾನು ಐದು ದಿನ ಇದ್ದೆ. ನನ್ನ ಆ ವರ್ಷವನ್ನು ಎರಡು ತುಂಡು ಮಾಡಿದ್ದು ಆ ಐದು ದಿನ.

ಆಗ ನಾನು ಕುವೈತಿನದೇ ಇನ್ನೊಂದು ಬಡಾವಣೆ ಸಲ್ವಾದ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು ಬೈಂದೂರಿನ ಹತ್ತಿರ ಬಾಲವಾಡಿಯಲ್ಲಿ ಸಹಾಯಕಿ. ಗಂಡ ತೀರಿಕೊಂಡ ಮೇಲೆ, ಬಾಲವಾಡಿಯೂ ಮುಚ್ಚಿದ ಮೇಲೆ, ಏಜೆಂಟರನ್ನು ಹಿಡಿದು ಕುವೈತಿಗೆ ಬಂದವಳು. ನನಗೆ ಮಕ್ಕಳಿಲ್ಲ. ಸಲ್ವಾದ ಮನೆಗೆ ಕಾಲಿಟ್ಟಾಗ ದಾನಾಳಿಗೆ ನಲವತ್ತು ದಿನ. ಅರಬಿಯಲ್ಲಿ ದಾನಾ ಅಂದರೆ ದೊಡ್ಡ ಮುತ್ತು ಎಂದು ಮೇಡಂ ಹೇಳಿದರು. ನಮ್ಮಲ್ಲಿ ಆ ಶಬ್ದಕ್ಕೆ ಬೇರೆ ಅರ್ಥ ಇದೆ ಎಂದು ನಾನು ಹೇಳಲಿಲ್ಲ.

ಮೇಡಂ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಮಗುವಿನ ಅಪ್ಪನನ್ನು ಮನೆಯ ಕೆಲಸದವರೆಲ್ಲ ಬಾಬಾ ಎನ್ನುತ್ತಿದ್ದೆವು. ಅವರಿಗೆ ಪರದೆ ಬಟ್ಟೆಯ ಎರಡು ಅಂಗಡಿ. ಕೆಳಗಿನ ಮನೆಯಲ್ಲಿ ಬಾಬಾನ ತಾಯಿ. ಅಡುಗೆಯವಳು ಫಿಲಿಪೀನ್ಸಿನವಳು, ಡ್ರೈವರ್ ಶ್ರೀಲಂಕಾದವನು. ಎಲ್ಲರೂ ಒಳ್ಳೆಯವರೇ. ಆದರೆ ಬೆಳಗಿನಿಂದ ಸಂಜೆಯವರೆಗೆ ನನಗೆ ಬಾಯಿ ತುಂಬ ಮಾತಾಡಲು ಒಬ್ಬರಿಲ್ಲ. ಹೌದು, ಇಲ್ಲ, ಬೇಗ ನಡಿ ಎನ್ನುವ ಯಲ್ಲಾ, ಮುಗಿಯಿತು ಎನ್ನುವ ಖಲಾಸ್, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಹಾಗಾಗಿ ತೊಟ್ಟಿಲ ಮಗುವಿನ ಹತ್ತಿರ ಮಾತಾಡಿದೆ. ನಮ್ಮ ಕುಂದಾಪ್ರ ಕನ್ನಡದಲ್ಲಿ. ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಹಾರುವ ಹಕ್ಕಿ ತೋರಿಸುವಾಗ. ಕಲಿಸಬೇಕೆಂಬ ಯೋಚನೆ ಇರಲಿಲ್ಲ. ನನ್ನ ಮಾತು ಕೇಳುವ ಕಿವಿ ಆ ಮನೆಯಲ್ಲಿ ಅದೊಂದೇ ಇತ್ತು.

ಒಂದೂವರೆ ವರ್ಷಕ್ಕೆ ಅವಳು ಕಿಟಕಿಯತ್ತ ಬೆರಳು ಮಾಡಿ "ಕಾಣ್, ಕಾಣ್" ಅಂದಳು. ನಮ್ಮ ಕಡೆ ನೋಡು ಎನ್ನುವುದಕ್ಕೆ ಕಾಣ್ ಅನ್ನುತ್ತಾರೆ. ಅಜ್ಜಿಗೆ ಖುಷಿಯೋ ಖುಷಿ. ಅರಬಿಯಲ್ಲಿ 'ಕಾನ್' ಅಂದರೆ ಇತ್ತು ಎಂದರ್ಥವಂತೆ, ಅವರ ಕತೆಗಳೆಲ್ಲ ಆ ಶಬ್ದದಿಂದ ಶುರುವಾಗುವುದಂತೆ. "ಮೊಮ್ಮಗಳು ಕತೆ ಕೇಳುತ್ತಿದ್ದಾಳೆ" ಎಂದು ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳಿದರು. ನಾನು ಬಾಗಿಲ ಬದಿಯಲ್ಲಿ ನಿಂತು ನಕ್ಕೆ. ಆಗಲೇ ಹೇಳಿಬಿಡಬೇಕಿತ್ತು.

ಮೂರು ತುಂಬಿದರೂ ದಾನಾಳ ಅರಬಿ ಏಳೆಂಟು ಶಬ್ದ ದಾಟಲಿಲ್ಲ. ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ನನ್ನ ಹತ್ತಿರ ಗುಬ್ಬಿಯ ಹಾಗೆ ಮಾತಾಡುವ ಮಗು ಅಮ್ಮನ ಎದುರು ತಲೆಯಾಡಿಸಿ ಸುಮ್ಮನಾಗುತ್ತಿತ್ತು. ಮೇಡಂ ಹೆದರಿದರು. ಮಾತು ತಡವಾದ ಮಕ್ಕಳಿಗೆ ಕಲಿಸುವ ಒಂದು ಕಡೆಗೆ ವಾರಕ್ಕೆ ಎರಡು ದಿನ ಕಳಿಸಿದರು. ಕರೆದುಕೊಂಡು ಹೋಗುವವಳು ನಾನೇ. ಗಾಜಿನ ಆಚೆ ಟೀಚರ್ ಹಕ್ಕಿಯ ಚಿತ್ರ ತೋರಿಸುವಳು. ದಾನಾ "ಹಕ್ಕಿ" ಅನ್ನುವಳು. ಟೀಚರ್ ಅಲ್ಲವೆಂದು ತಲೆಯಾಡಿಸಿ ಪುಸ್ತಕದಲ್ಲಿ ಗೀಟು ಹಾಕುವಳು. ಮಗು ಸರಿ ಹೇಳಿದೆ ಎಂದು ತಿಳಿದವಳು ಆ ಕಟ್ಟಡದಲ್ಲಿ ನಾನೊಬ್ಬಳೇ, ಮತ್ತು ನಾನು ಗಾಜಿನ ಈಚೆ ಬಾಯಿ ಮುಚ್ಚಿ ಕೂತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ ಎನ್ನುವ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ, ದಾನಾ ಹೋಗುತ್ತಾಳೆ ಎನ್ನುವುದು. ಅರಬಿಯಲ್ಲೇ ಮಾತಾಡಬೇಕು ಎಂದು ಪ್ರತಿ ಬೆಳಿಗ್ಗೆ ನಿಶ್ಚಯ ಮಾಡುತ್ತಿದ್ದೆ. ಅವಳು ನಿದ್ದೆಗಣ್ಣಿನಲ್ಲಿ ಎದ್ದು ಬಂದು ಏನೋ ಕೇಳಿದರೆ ಉತ್ತರ ಕನ್ನಡದಲ್ಲೇ ಬಂದುಬಿಡುತ್ತಿತ್ತು.

ಅವಳಿಗೆ ನಾಲ್ಕು ತುಂಬುವ ವರ್ಷ, ಈದ್ ರಜೆಗೆ ಬಾಬಾ ಮೇಡಂ ಮತ್ತು ಮಗುವನ್ನು ಹಾಂಗ್‌ಝೌಗೆ ಕರೆದುಕೊಂಡು ಹೋದರು. ಆ ಊರಿನ ಹತ್ತಿರವೇ ಪರದೆ ಬಟ್ಟೆಯ ದೊಡ್ಡ ಮಾರುಕಟ್ಟೆಯಂತೆ. ಒಂದೆರಡು ದಿನ ವ್ಯಾಪಾರ, ಉಳಿದ ದಿನ ತಿರುಗಾಟ. ನನಗೂ ವೀಸಾ ಮಾಡಿಸಿದರು. ಅಲ್ಲಿ ಬಾಬಾನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಏಜೆಂಟ್ ಒಬ್ಬಳು ಚೀನೀ ಮುಸ್ಲಿಂ ಹುಡುಗಿ, ಹೆಸರು ಅಮೀನಾ. ಓದಿ ಕಲಿತ ಅರಬಿ ಅವಳದು, ನನ್ನ ಅರಬಿಗಿಂತ ಎಷ್ಟೋ ಚಂದ. ಅವಳೇ ನಮ್ಮನ್ನು ತಿರುಗಾಡಿಸಿದಳು.

ಮೊದಲ ದಿನ ಹುಡಿಮಳೆ. ಸರೋವರದ ದಂಡೆಯ ಮರಗಳು ಕೂದಲು ಬಿಚ್ಚಿಕೊಂಡ ಹಾಗೆ ನೀರಿನವರೆಗೆ ಜೋತುಬಿದ್ದಿದ್ದವು, ಅವುಗಳ ನಡುವೆ ಗುಲಾಬಿ ಬಣ್ಣದ ಹೂವಿನ ಮರ. ಮರದ ದೋಣಿಯಲ್ಲಿ ಕೂತೆವು. ದೋಣಿಯವನು ಒಂದೇ ಹುಟ್ಟಿನಲ್ಲಿ ತಣ್ಣಗೆ ನಡೆಸುತ್ತಿದ್ದ. ಆಚೆ ದಡದ ಗುಡ್ಡದ ಮೇಲೊಂದು ಗೋಪುರ ಮಂಜಿನಲ್ಲಿ ಕಾಣುತ್ತ ಮರೆಯಾಗುತ್ತ ಇತ್ತು. ಮರುದಿನ ಅದನ್ನು ಹತ್ತಲು ಹೋದರೆ ಮೆಟ್ಟಿಲಿನ ಬದಲು ಮಾಲ್‌ನಲ್ಲಿರುವಂಥ ಎಸ್ಕಲೇಟರ್! ಬಾಬಾ ಹೊಟ್ಟೆ ಹಿಡಿದು ನಕ್ಕರು.

ಊಟಕ್ಕೆ ಅಮೀನಾ ಹಲಾಲ್ ಜಾಗಗಳನ್ನೇ ಹುಡುಕುತ್ತಿದ್ದಳು. ಗಲ್ಲಿಯೊಂದರಲ್ಲಿ ನೂಡಲ್ಸ್ ಅಂಗಡಿ, ಬೋರ್ಡಿನ ಮೇಲೆ ಹಸಿರು ಅರಬಿ ಅಕ್ಷರ. ಮೇಡಂ ಸಂತೋಷದಿಂದ ಓದಿ, ಒಳಗೆ ಹೋಗಿ ಅರಬಿಯಲ್ಲೇ ಮಾತಾಡಿಸಿದರು. ಹಿಟ್ಟು ಎಳೆಯುತ್ತಿದ್ದವನು ಸಲಾಂ ಹೇಳಿ ನಕ್ಕ, ಮುಂದೆ ಒಂದು ಶಬ್ದವೂ ಬರಲಿಲ್ಲ. ಆದರೆ ಆ ನೂಡಲ್ಸಿನ ರುಚಿ! ಎಳೆ ಎಳೆಯಾಗಿ ಹದ, ಸಾರಿನಲ್ಲಿ ಕುರಿಮಾಂಸ, ಮೇಲೆ ಕೊತ್ತಂಬರಿ. ಒಂದು ಹಳ್ಳಿಗೆ ಹೋಗಿ ಚಹಾ ಹುರಿಯುವುದನ್ನೂ ನೋಡಿದೆವು. ಮುದುಕನೊಬ್ಬ ಕಾದ ಬಾಣಲೆಗೆ ಬರಿಗೈ ಇಟ್ಟು ಎಳೆ ಸೊಪ್ಪನ್ನು ಒತ್ತಿ ತಿರುಗಿಸುತ್ತಿದ್ದ. ದಾನಾ ನನ್ನ ಕಿವಿಗೆ ಬಾಯಿಟ್ಟು "ಅಜ್ಜಂಗೆ ಕೈ ಸುಡುದಿಲ್ಯಾ?" ಎಂದು ಕೇಳಿದಳು. ಮೇಡಂ ಆಚೆ ಫೋಟೊ ತೆಗೆಯುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಸರೋವರದ ಎದುರಿನ ಹೋಟೆಲಿಗೆ ಹೋದೆವು. ಆ ಊರಿಗೆ ಹೆಸರು ತಂದ ಮೀನು ತಿನ್ನದೆ ಹೋಗಬಾರದು ಎಂದು ಅಮೀನಾ ಹೇಳಿದ್ದಳು. ಹೆಂಡ ಹಾಕದೆ ಮಾಡಿಕೊಡಿ ಎಂದು ಒಳಗೆ ಹೋಗಿ ಹೇಳಿಯೂ ಬಂದಳು. ಇಡೀ ಮೀನನ್ನು ಎರಡು ಹೋಳು ಮಾಡಿ, ಬೇಯಿಸಿ, ಮೇಲೆ ಕಪ್ಪಗೆ ಹೊಳೆಯುವ ವಿನೆಗರ್ ಸಾರು ಸುರಿದಿದ್ದರು. ಶುಂಠಿ, ಸಕ್ಕರೆ, ಹುಳಿ. ಸಿಹಿನೀರಿನ ಮೀನು. ಒಂದು ಚೂರು ಬಾಯಿಗಿಟ್ಟ ಕೂಡಲೇ ನನಗೆ ತಿಳಿಯಿತು, ಮಾಂಸದ ಒಳಗೆಲ್ಲ ಕೂದಲಿನಂಥ ಕವಲು ಮುಳ್ಳು.

ದಾನಾಳಿಗೆ ಮೀನು ಉಣ್ಣಿಸುವವಳು ಯಾವಾಗಲೂ ನಾನೇ. ಬೆರಳಲ್ಲಿ ಹಿಸುಕಿ, ಮುಳ್ಳಿಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿಗಿಡುತ್ತಿದ್ದೆ. ಆ ದಿನ ಮೇಡಂ ಮಗುವನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. "ಇವತ್ತು ನಾನು ತಿನ್ನಿಸುತ್ತೇನೆ" ಅಂದರು. ಅವರ ಮುಖದಲ್ಲಿ ಒಂದು ಆಸೆ ಇತ್ತು. ರಜೆಯಲ್ಲಾದರೂ ಮಗು ತನ್ನ ಹತ್ತಿರ ಇರಲಿ ಎನ್ನುವ ಆಸೆ. ಚಮಚದಲ್ಲಿ ಮೀನು ತೆಗೆದು ಊದಿ ಕೊಟ್ಟರು.

"ಮೇಡಂ, ಮುಳ್ಳಿದೆ" ಅಂದೆ.

"ನೋಡಿದ್ದೇನೆ, ಪದ್ಮಾ. ನೀನು ಊಟ ಮಾಡು."

ಇನ್ನೊಂದು ಸಲ ಹೇಳಬಹುದಿತ್ತು. ಎದ್ದು ಹೋಗಿ ಆ ತಟ್ಟೆ ಎಳೆದುಕೊಳ್ಳಬಹುದಿತ್ತು. ಅವಳ ಅಮ್ಮನ ಕೈಯಿಂದ ಚಮಚ ಕಸಿಯಲು ನಾನು ಯಾರು? ಮೇಜಿನ ಈ ತುದಿಯಲ್ಲಿ ಕೂತು ಒಂದೊಂದು ಚಮಚವನ್ನೂ ನೋಡುತ್ತಿದ್ದೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ದಾನಾ ಬಾಯಿ ತೆರೆದವಳು ಹಾಗೇ ಉಳಿದಳು. ಕಣ್ಣು ಅಗಲವಾಯಿತು. ಆಮೇಲೆ ಕೆಮ್ಮು, ವಾಂತಿ, ಕಿರುಚಾಟ. ಹೋಟೆಲಿನ ಹೆಂಗಸು ಬಟ್ಟಲಲ್ಲಿ ಬರೀ ವಿನೆಗರ್ ತಂದು ಕುಡಿಸಿ ಎಂದಳು, ಮುಳ್ಳು ಕರಗುತ್ತದಂತೆ. ಅಮೀನಾ ಅದನ್ನು ಪಕ್ಕಕ್ಕೆ ತಳ್ಳಿ ಕಾರು ಕರೆಸಿದಳು.

ಆಸ್ಪತ್ರೆಯಲ್ಲಿ ಹಣೆಗೆ ದೀಪ ಕಟ್ಟಿಕೊಂಡ ಡಾಕ್ಟರ್, ನಡುವಯಸ್ಸಿನ ಹೆಂಗಸು. ಅವರು ಚೀನೀಯಲ್ಲಿ ಕೇಳಿದ್ದನ್ನು ಅಮೀನಾ ಅರಬಿಗೆ ತಿರುಗಿಸಿದಳು. "ನೋವು ಮೇಲೆ ಗಂಟಲಲ್ಲೋ, ಕೆಳಗೆ ಎದೆಯಲ್ಲೋ? ಎಂಜಲು ನುಂಗಲು ಆಗುತ್ತದೆಯೋ? ಮೇಲಿದ್ದರೆ ಇಲ್ಲೇ ತೆಗೆಯುತ್ತಾರಂತೆ. ಕೆಳಗೆ ಹೋಗಿದ್ದರೆ ಮಗುವಿಗೆ ಸೂಜಿ ಚುಚ್ಚಿ ಮತ್ತು ಬರಿಸಿ ಕೊಳವೆ ಹಾಕಬೇಕಂತೆ. ಮಗುವನ್ನು ಕೇಳಿ."

ಮೇಡಂ ಕೇಳಿದರು. ಮತ್ತೆ ಮತ್ತೆ ಕೇಳಿದರು. ಹಬೀಬ್ತಿ, ನನ್ನ ಚಿನ್ನಾ, ಎಲ್ಲಿ, ಎಲ್ಲಿ ನೋವು? ದಾನಾ ಅಳುತ್ತಲೇ ಉತ್ತರ ಹೇಳುತ್ತಿದ್ದಳು. ಸ್ಪಷ್ಟವಾಗಿ ಹೇಳುತ್ತಿದ್ದಳು. "ಇಲ್ಲ್ ಚುಚ್ಚತ್ತ್. ನುಂಗುಕಾತಿಲ್ಲ." ಮೇಡಂ ಬಾಬಾನ ಮುಖ ನೋಡಿದರು. "ಇವಳು ಏನೋ ತೊದಲುತ್ತಾಳೆ, ಇವಳಿಗೆ ಮಾತು ಬರುವುದಿಲ್ಲ ಎಂದು ಡಾಕ್ಟರಿಗೆ ಹೇಳು" ಎಂದು ಬಾಬಾ ಅಮೀನಾಳಿಗೆ ಹೇಳಿದರು. ಡಾಕ್ಟರ್ ತಲೆಯಾಡಿಸಿ ನರ್ಸಿನ ಹತ್ತಿರ ಏನೋ ಅಂದರು. ನರ್ಸ್ ಸೂಜಿ ತೆಗೆಯಲು ಹೊರಟಳು.

"ಅವಳು ಹೇಳುತ್ತಿದ್ದಾಳೆ" ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು. "ಮೇಲೆ ಚುಚ್ಚುತ್ತದಂತೆ. ನುಂಗಲು ಆಗುವುದಿಲ್ಲವಂತೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹತ್ತಿರ ಹೋಗಿ "ಎಲ್ಲಿ ಮಗಾ, ಬೆರಳ್ ಇಟ್ಟ್ ತೋರ್ಸ್" ಅಂದೆ. ದಾನಾ ದವಡೆಯ ಕೆಳಗೆ, ಬಲಗಡೆ ಬೆರಳಿಟ್ಟಳು. ಡಾಕ್ಟರ್ ಕೇಳಿದ್ದು ಅಮೀನಾಳಿಗೆ, ಅಮೀನಾ ನನಗೆ, ನಾನು ದಾನಾಳಿಗೆ. ಅವಳ ಉತ್ತರ ಅದೇ ದಾರಿಯಲ್ಲಿ ವಾಪಸು. ಆ ಸಾಲಿನಲ್ಲಿ ಮೇಡಂ ಎಲ್ಲೂ ಇರಲಿಲ್ಲ. ಅವರು ಗೋಡೆಗೆ ಒರಗಿ ನಿಂತು ಒಮ್ಮೆ ನನ್ನ ಬಾಯಿ, ಒಮ್ಮೆ ಮಗುವಿನ ಬಾಯಿ ನೋಡುತ್ತಿದ್ದರು. ದಾನಾಳನ್ನು ನನ್ನ ತೊಡೆಯ ಮೇಲೆ ಕೂರಿಸಲು ಡಾಕ್ಟರೇ ಹೇಳಿದರು. ಬಾಯಿ ಅಗಲ ಮಾಡು ಅಂದೆ, ಮಾಡಿದಳು. ಅಲ್ಲಾಡಬೇಡ ಅಂದೆ, ಅಲ್ಲಾಡಲಿಲ್ಲ. ಚಿಮಟ ಒಳಗೆ ಹೋಗಿ ಬಂತು. ಅಕ್ಕಿಕಾಳಿನ ಎರಡರಷ್ಟು ಉದ್ದದ, ತುದಿ ಕವಲೊಡೆದ ಮುಳ್ಳು.

ಡಾಕ್ಟರ್ ನಗುತ್ತಾ ಅಮೀನಾಳಿಗೆ ಏನೋ ಅಂದರು. ಅಮೀನಾ ಮೇಡಂ ಕಡೆ ನೋಡದೆ ಅದನ್ನು ತಿರುಗಿಸಿದಳು. "ಮಗು ಜಾಣೆ, ಚೆನ್ನಾಗಿ ಮಾತಾಡುತ್ತಾಳೆ ಎನ್ನುತ್ತಿದ್ದಾರೆ" ಅಂದಳು.

ಕಾರಿನಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಸಮಯದಿಂದ?"

"ಮೊದಲಿನಿಂದ."

ಉಳಿದ ಎರಡು ದಿನ ಮೇಡಂ ದಾನಾಳ ಕೈ ಬಿಡಲಿಲ್ಲ. ಸರೋವರದ ನಡುವೆ ಹಾದುಹೋಗುವ ಉದ್ದ ದಾರಿಯಲ್ಲಿ ನಡೆಯುವಾಗ, "ಪದ್ಮಾ, ನೀನು ಸ್ವಲ್ಪ ಹಿಂದೆ ಬಾ" ಅಂದರು. ಗದರಿಸಲಿಲ್ಲ, ಕೇಳಿಕೊಂಡ ಹಾಗಿತ್ತು. ಹತ್ತು ಹೆಜ್ಜೆ ಹಿಂದೆ ಉಳಿದೆ. ದಾನಾ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನನ್ನನ್ನು ಹುಡುಕುತ್ತಿದ್ದಳು. ಅವಳು ತಿರುಗಿದಾಗಲೆಲ್ಲ ನಾನು ನೀರಿನ ಕಡೆ ಮುಖ ಮಾಡುತ್ತಿದ್ದೆ. ಅಷ್ಟು ಚಂದದ ಜಾಗ, ಜನರೆಲ್ಲ ಕೊಡೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ನೆನಪಿರುವುದು ಮುಂದೆ ಹೋಗುತ್ತಿದ್ದ ಒಂದು ಹಳದಿ ರೇನ್‌ಕೋಟು.

ಕುವೈತಿಗೆ ಬಂದಾಗ ಧೂಳಿನ ಗಾಳಿ ಶುರುವಾಗಿತ್ತು. ಮೇಡಂ ಬಯ್ಯಲಿಲ್ಲ, ಬಾಬಾನೂ ಬಯ್ಯಲಿಲ್ಲ. ಅದೇ ಕಷ್ಟವಾಯಿತು. ನಾನೇ ಹೋಗಿ ಹೇಳಿದೆ, "ಮೇಡಂ, ಇನ್ನು ಅರಬಿ ಮಾತ್ರ. ನಮ್ಮ ಭಾಷೆ ಒಂದು ಶಬ್ದವೂ ಇಲ್ಲ." ಅವರು "ತಯ್ಯಿಬ್, ಆಗಲಿ" ಅಂದರು.

ಮೂರು ವಾರ ಹಾಗೇ ಮಾಡಿದೆ. ನನ್ನ ಒಡಕು ಅರಬಿಯಲ್ಲಿ ಬಾ, ತಿನ್ನು, ಮಲಗು. ದಾನಾ ಮೊದಲು ಆಟ ಎಂದುಕೊಂಡಳು. ಆಮೇಲೆ ನನ್ನ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, ಬಾಯಿಯೊಳಗೆ ಏನೋ ಕಳೆದಿದೆ ಎಂಬ ಹಾಗೆ ಇಣುಕಿ ನೋಡಿದಳು. ಒಂದು ಮಧ್ಯಾಹ್ನ "ನಿಂಗ್ ಸಿಟ್ಟಾ?" ಎಂದು ಕೇಳಿದಳು. ಅರಬಿಯಲ್ಲಿ ಇಲ್ಲ ಅಂದೆ. ಅವಳು ನಂಬಲಿಲ್ಲ. ಊಟ ಬಿಟ್ಟಳು. ಕಲಿತಿದ್ದ ಏಳೆಂಟು ಅರಬಿ ಶಬ್ದವನ್ನೂ ನುಂಗಿ ಕೂತಳು. ಈಗ ಅವಳು ಯಾರ ಹತ್ತಿರವೂ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ನಾಲ್ಕನೆಯ ವಾರ ಸ್ನಾನದ ಮನೆಯಲ್ಲಿ, ನೀರು ಬಿಟ್ಟ ಸದ್ದಿನ ಮರೆಯಲ್ಲಿ, ನಾನು ಸೋತು ಕನ್ನಡದಲ್ಲಿ ಮಾತಾಡಿದೆ. ಮಗು ನನ್ನ ಕುತ್ತಿಗೆಗೆ ಜೋತುಬಿತ್ತು. ಬಾಗಿಲು ತೆರೆದು ನೋಡಿದರೆ ಹೊರಗೆ ಮೇಡಂ ಟವೆಲ್ ಹಿಡಿದು ನಿಂತಿದ್ದರು.

ಆ ಶುಕ್ರವಾರ ನಾನು ಇಸ್ತ್ರಿ ಹಾಕುತ್ತಿದ್ದಾಗ ಬಂದರು. ಸ್ಟೂಲ್ ಎಳೆದು ಕೂತರು. ನನ್ನ ಎದುರು ಅವರು ಹಾಗೆ ಕೂತದ್ದು ಅದೇ ಮೊದಲು.

"ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಮಗಳನ್ನು ನೀನು ಚೆನ್ನಾಗಿ ನೋಡಿಕೊಂಡೆ. ಆದರೆ ಅವಳು ನೋವಿನಲ್ಲಿದ್ದಾಗ ಏನು ಹೇಳುತ್ತಿದ್ದಾಳೆ ಎಂದು ನಾನು ನಿನ್ನನ್ನು ಕೇಳಬೇಕಾಯಿತು. ನಾನು ಅವಳ ತಾಯಿ, ಪದ್ಮಾ."

"ಗೊತ್ತು, ಮೇಡಂ."

"ಸೆಪ್ಟೆಂಬರಿಗೆ ಶಾಲೆ. ನೀನು ಇರುವವರೆಗೆ ಅವಳಿಗೆ ನಾನು ಬೇಕಾಗುವುದಿಲ್ಲ." ಅವರು ಕಣ್ಣು ಒರೆಸಿಕೊಂಡರು. "ಬೇರೆ ಕಡೆ ಕೆಲಸ ನೋಡಿಕೋ. ರಿಲೀಸ್ ಪತ್ರಕ್ಕೆ ಸಹಿ ಹಾಕಿಕೊಡುತ್ತೇವೆ."

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಕೆಟ್ಟ ಜನರಾಗಿದ್ದರೆ ಮನಸ್ಸಿನಲ್ಲೇ ಶಪಿಸಿಯಾದರೂ ಹೊರಡಬಹುದಿತ್ತು. ನಾನು ತಲೆಯಾಡಿಸಿ ಇನ್ನೊಂದು ಅಂಗಿ ತೆಗೆದುಕೊಂಡೆ.

ಕೊನೆಯ ವಾರ ಮೇಡಂ ಒಂದು ನೋಟ್‌ಬುಕ್ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರು. "ಅವಳ ಮಾತು ನನಗೆ ಹೇಳಿಕೊಡು" ಅಂದರು. ದಿನಾ ಸಂಜೆ ಒಂದು ಗಂಟೆ ಕೂತೆವು. ನಾನು ಹೇಳುವುದು, ಅವರು ಅರಬಿ ಅಕ್ಷರದಲ್ಲಿ ಬರೆದುಕೊಳ್ಳುವುದು. ನೀರು. ಹಸಿವು. ಹೊಟ್ಟೆ ನೋವು. ಹೆದರಿಕೆ. ಎತ್ತಿಕೋ. ನಮ್ಮ 'ಟ' ಬರೆಯಲು ಅವರಲ್ಲಿ ಅಕ್ಷರವಿಲ್ಲ, 'ಳ' ಇಲ್ಲ. ಮೇಡಂ ಮೂರು ನಾಲ್ಕು ಸಲ ಹೇಳಿ ತಿದ್ದಿಕೊಳ್ಳುತ್ತಿದ್ದರು, ಬಾಲವಾಡಿಯ ಮಕ್ಕಳಿಗಿಂತ ಶ್ರದ್ಧೆಯಿಂದ. ನಾನೂ ಶ್ರದ್ಧೆಯಿಂದಲೇ ಹೇಳಿಕೊಟ್ಟೆ. ಒಂದೊಂದು ಶಬ್ದ ಕೊಟ್ಟ ಹಾಗೆಲ್ಲ ನನ್ನ ಹತ್ತಿರ ಒಂದೊಂದು ಕಡಿಮೆಯಾಗುತ್ತಿತ್ತು. ಒಂದು ಹಂತದಲ್ಲಿ ಮೇಡಂ ತಲೆಯೆತ್ತಿ, "ಇನ್ನೇನಾದರೂ ಹೇಳುತ್ತಾಳೆಯೇ?" ಎಂದು ಕೇಳಿದರು. ಸಾವಿರ ಹೇಳುತ್ತಾಳೆ. "ಇಷ್ಟೇ, ಮೇಡಂ" ಅಂದೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ದಾನಾಳನ್ನು ಅಜ್ಜಿಯ ಜೊತೆ ಚಿಕ್ಕಮ್ಮನ ಮನೆಗೆ ಕಳಿಸಿದರು. ಅವಳಿಗೆ ಏನೂ ಹೇಳಬಾರದೆಂದು ಮೊದಲೇ ಮಾತಾಗಿತ್ತು. ಚಪ್ಪಲಿಯ ಪಟ್ಟಿ ಹಾಕಿಸಿಕೊಂಡು ಅವಳು ಓಡಿದಳು. ಅರ್ಧ ಗಂಟೆಯ ಮೇಲೆ ಡ್ರೈವರ್ ನನ್ನ ಪೆಟ್ಟಿಗೆ ಎತ್ತಿ ಕಾರಿಗಿಟ್ಟ. ಮೇಡಂ ಗೇಟಿನವರೆಗೆ ಬಂದು ನನ್ನನ್ನು ತಬ್ಬಿಕೊಂಡರು.

ಈ ಮೆಸ್ಸಿಗೆ ಸೇರಿ ಎರಡು ತಿಂಗಳಾಗಿತ್ತು. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಈರುಳ್ಳಿ ಸುಲಿಯುತ್ತಿದ್ದೆ. ಮೇಡಂ ವಾಟ್ಸಾಪಿನಲ್ಲಿ, ನನಗೆ ಓದಲು ಬರಲೆಂದು ಇಂಗ್ಲಿಷ್ ಅಕ್ಷರದ ಅರಬಿಯಲ್ಲಿ ಬರೆದಿದ್ದರು, ಚೆನ್ನಾಗಿದ್ದೀಯಾ ಎಂದು. ಕೆಳಗೆ ಒಂದು ರೆಕಾರ್ಡಿಂಗ್. "ಮಲಗುವ ಮೊದಲು ದಿನಾ ಇದನ್ನೇ ಹೇಳುತ್ತಾಳೆ. ನೋಟ್‌ಬುಕ್‌ನಲ್ಲಿ ಇಲ್ಲ. ಅರ್ಥ ಏನು?"

ಕೈ ತೊಳೆದು ಮೂಲೆಗೆ ಹೋಗಿ ಕಿವಿಗಿಟ್ಟುಕೊಂಡೆ. ಎ.ಸಿ.ಯ ಸದ್ದು, ಹೊದಿಕೆಯ ಸದ್ದು. ಆಮೇಲೆ ಅವಳ ದನಿ, ಪಾಠ ಒಪ್ಪಿಸುವ ಹಾಗೆ ನಿಧಾನಕ್ಕೆ. "ಇನ್ನ್ ಹಟ ಮಾಡುದಿಲ್ಲ. ಹಟ ಮಾಡುದಿಲ್ಲ."

ಹಟ ಮಾಡಿದರೆ ನಾನು ಹೋಗುತ್ತೇನೆ ಎಂದು ಯಾವಾಗಲೋ ಹೆದರಿಸಿದ್ದೆ. ಎಲ್ಲರೂ ಮಕ್ಕಳಿಗೆ ಹೇಳುವ ಮಾತು.

ಇನ್ನೊಂದು ಸಲ ಕೇಳಿ, ಮೇಡಂಗೆ ಬರೆದೆ. "ಒಳ್ಳೆಯವಳಾಗಿರುತ್ತೇನೆ ಎನ್ನುತ್ತಿದ್ದಾಳೆ. ತನ್ನ ತಪ್ಪಿನಿಂದ ನಾನು ಹೋದೆ ಎಂದುಕೊಂಡಿದ್ದಾಳೆ. ಅವಳ ತಪ್ಪಲ್ಲ ಎಂದು ಹೇಳಿ, ಮೇಡಂ."

ಉತ್ತರ ಕೂಡಲೇ ಬಂತು. "ನಿಮ್ಮ ಭಾಷೆಯಲ್ಲಿ ಅದನ್ನು ಹೇಗೆ ಹೇಳುವುದು?"

ಮೈಕಿನ ಗುರುತು ಒತ್ತಿ ಹಿಡಿದು ಹೇಳಿದೆ, "ನಿಂದ್ ತಪ್ಪಲ್ಲ ಮಗಾ." ಕಳಿಸಲಿಲ್ಲ. ನನ್ನ ದನಿ ಆ ಕೋಣೆಯಲ್ಲಿ ಕೇಳಿದರೆ ಮಗು ಎದ್ದು ಮನೆಯೆಲ್ಲ ಹುಡುಕುತ್ತದೆ. ಅಳಿಸಿ, ಮೇಡಂಗೆ ಓದಲು ಬರುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಎಲ್ಲಿ ತಡೆಯಬೇಕು, ಎಲ್ಲಿ ಮೆತ್ತಗೆ ಹೇಳಬೇಕು ಎನ್ನುವುದನ್ನೂ ಬರೆದೆ. ಎರಡು ನೀಲಿ ಗುರುತು ಬಿದ್ದವು.

ಆಮೇಲೆ ಆ ಮನೆಯಿಂದ ಯಾವ ಶಬ್ದದ ಅರ್ಥವನ್ನೂ ಯಾರೂ ಕೇಳಿಲ್ಲ.